ನಾರೋದ 50,000 ಪಾಯಿಂಟ್, ಕಕುಯೋಮುವಿನ 5,000 ಸ್ಟಾರ್: ಯಾವುದು ದೊಡ್ಡದು?

ಪ್ರಶ್ನೆ: ಈಚೆಗೆ ಜಪಾನಿ ವೆಬ್ ಕಾದಂಬರಿಗಳ ಹುಚ್ಚು ಹಿಡಿದಿದೆ. ನಾರೋ ಅನ್ನುವ ತಾಣದಲ್ಲಿ ಒಂದು ಕಥೆಗೆ 50,000 ಪಾಯಿಂಟ್ ಇದೆ, ಕಕುಯೋಮು ಅನ್ನುವ ತಾಣದಲ್ಲಿ ಇನ್ನೊಂದಕ್ಕೆ 5,000 ಸ್ಟಾರ್. ಮೊದಲನೆಯದು ಹತ್ತು ಪಟ್ಟು ಜನಪ್ರಿಯ ಅಂತ ಹೇಳಬಹುದಾ?

ಹೇಳಲು ಬರುವುದಿಲ್ಲ. ಇಬ್ಬರು ಹೂವಿನವರ ಹತ್ತಿರ ಒಂದೊಂದು ಮೊಳ ಹೂ ತೆಗೆದುಕೊಂಡು ನೋಡಿ. ಮೊಳ ಅಂದರೆ ಅವರವರ ಕೈ, ಅಲ್ವಾ? ಇಲ್ಲೂ ಅಷ್ಟೇ. ಮೊದಲು ಯಾರ ಕೈ ಎಷ್ಟುದ್ದ ಅಂತ ನೋಡಬೇಕು.

ನಾರೋದ ಪೂರ್ತಿ ಹೆಸರು ‘ಶೋಸೆತ್ಸುಕಾ ನಿ ನಾರೋ’, ಅಂದರೆ ‘ಕಾದಂಬರಿಕಾರರಾಗೋಣ’. 2004ರಲ್ಲಿ ಶುರುವಾದ ತಾಣ. ಓದುಗರೊಬ್ಬರು ಕಥೆಯನ್ನು ಬುಕ್‌ಮಾರ್ಕ್ ಮಾಡಿದರೆ ಅದಕ್ಕೆ 2 ಪಾಯಿಂಟ್. ಜೊತೆಗೆ 5 ಸ್ಟಾರ್‌ವರೆಗೆ ಕೊಡಬಹುದು, ಒಂದೊಂದು ಸ್ಟಾರಿಗೂ 2 ಪಾಯಿಂಟ್. ಎಲ್ಲ ಸೇರಿ ಒಬ್ಬರಿಂದ ಹೆಚ್ಚೆಂದರೆ 12. ಕಕುಯೋಮು 2016ರಲ್ಲಿ ಕಡೊಕಾವಾ ಪ್ರಕಾಶನದವರು ತೆರೆದದ್ದು. ಅಲ್ಲಿ ಒಬ್ಬರು ಕೊಡುವುದು 1ರಿಂದ 3 ಸ್ಟಾರ್. ಸುಮ್ನೆ ಫಾಲೋ ಮಾಡಿದರೆ ಸ್ಟಾರ್ ಏರುವುದಿಲ್ಲ.

ಈಗ ಭಾಗಿಸೋಣ. ನಾರೋದ 50,000ದ ಹಿಂದೆ ಕಡಿಮೆ ಅಂದರೆ ಸುಮಾರು 4,170 ಜನ, ಜಾಸ್ತಿ ಅಂದರೆ 25,000 ಜನ ಇರಬಹುದು. ಕಕುಯೋಮುವಿನ 5,000ದ ಹಿಂದೆ 1,670ರಿಂದ 5,000 ಜನ. ನಿಮ್ಮ ‘ಹತ್ತು ಪಟ್ಟು’ ಒಂದು ತುದಿಯಲ್ಲಿ 15 ಪಟ್ಟಾಗುತ್ತದೆ. ಇನ್ನೊಂದು ತುದಿಯಲ್ಲಿ ಕಕುಯೋಮು ಕಥೆಯೇ ಮುಂದೆ! ಅದೂ ಗುಂಡಿ ಒತ್ತಿದವರ ಲೆಕ್ಕ ಮಾತ್ರ. ಓದಿ ಸುಮ್ಮನೆ ಹೋದವರು ಎರಡರಲ್ಲೂ ಸಿಗುವುದಿಲ್ಲ.

ನಾರೋ ಒಂದು ಉಪಕಾರ ಮಾಡಿದೆ. ಅದರ ಎಪಿಐ, ಅಂದರೆ ತಾಣದ ಮಾಹಿತಿಯನ್ನು ಪ್ರೋಗ್ರಾಂ ಬರೆದು ಪಡೆಯುವ ದಾರಿ, ಎಲ್ಲರಿಗೂ ಮುಕ್ತ. ಬುಕ್‌ಮಾರ್ಕ್ ಎಷ್ಟು, ಸ್ಟಾರ್ ಕೊಟ್ಟವರು ಎಷ್ಟು, ಕಥೆ ಎಷ್ಟು ಅಕ್ಷರ, ಎಲ್ಲ ಬೇರೆ ಬೇರೆಯಾಗಿ ಸಿಗುತ್ತದೆ. ಹಾಗಾಗಿ ಒಟ್ಟು ಪಾಯಿಂಟನ್ನು ಬಿಟ್ಟು ಜನರ ಸಂಖ್ಯೆಯನ್ನೇ ಹಿಡಿಯಿರಿ. ಸರಾಸರಿಯ ಹತ್ತಿರವಂತೂ ಹೋಗಬೇಡಿ. ಬೆರಳೆಣಿಕೆಯ ಕಥೆಗಳು ಲಕ್ಷಗಟ್ಟಲೆ ಪಾಯಿಂಟ್ ಬಾಚಿಕೊಂಡಿರುತ್ತವೆ, ಉಳಿದವುಗಳಲ್ಲಿ ಎಷ್ಟೋ ಒಂದಂಕಿ ಎರಡಂಕಿಯಲ್ಲೇ ನಿಂತಿರುತ್ತವೆ. ಇಂಥ ಕಡೆ ಮಧ್ಯಾಂಕ, ಅಂದರೆ ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ನೋಡಬೇಕು. ಇಲ್ಲವಾದರೆ ಆ ತಾಣದೊಳಗೆ ಕಥೆ ಎಷ್ಟನೇ ಸ್ಥಾನದಲ್ಲಿದೆ ಅನ್ನುವುದನ್ನು. ಕಥೆಯ ವಯಸ್ಸನ್ನೂ ಮರೆಯಬೇಡಿ, ಹತ್ತು ವರ್ಷದಿಂದ ಪಾಯಿಂಟ್ ಕೂಡಿಸುತ್ತಿರುವ ಕಥೆಯ ಪಕ್ಕ ಮೊನ್ನೆ ಬಂದದ್ದನ್ನು ನಿಲ್ಲಿಸಿದರೆ ಹೇಗೆ?

ಯಾವ ಬಗೆಯ ಕಥೆ ಎಷ್ಟಿವೆ ಅಂತ ಎಣಿಸುವಾಗ ನಾನೇ ಒಮ್ಮೆ ಜಾರಿ ಬಿದ್ದೆ. ಬೇರೆ ಲೋಕಕ್ಕೆ ಹೋಗುವ ಕಥೆಗಳಿಗೆ ಅಲ್ಲಿ ‘ಇಸೆಕಾಯ್’ ಅನ್ನುತ್ತಾರೆ. ಕಕುಯೋಮುವಿನಲ್ಲಿ ಇಸೆಕಾಯ್ ಫ್ಯಾಂಟಸಿ ಒಂದು ವಿಭಾಗವೇ. ನಾರೋದಲ್ಲಿ ಇನ್ನೊಂದು ಲೋಕದಲ್ಲಿ ಹುಟ್ಟುವುದು, ಅಲ್ಲಿಗೆ ಸಾಗಿಹೋಗುವುದು ವಿಭಾಗಗಳಲ್ಲ, ಟ್ಯಾಗ್‌ಗಳು. ಪ್ರೇಮಕಥೆಗೂ ಆ ಟ್ಯಾಗ್ ಇರಬಹುದು. ಎರಡೂ ಕಡೆ ವಿಭಾಗ ಮಾತ್ರ ನೋಡಿ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವ ದಾರಿ ಬೇರೆ. ಎಷ್ಟೋ ಲೇಖಕರು ಒಂದೇ ಕಥೆಯನ್ನು ಎರಡೂ ತಾಣಗಳಲ್ಲಿ ಹಾಕುತ್ತಾರೆ. ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಶುರುವಾದ ಅಂಥ ಜೋಡಿಗಳನ್ನು, ಒಂದು ನೂರಾದರೂ, ಕಲೆಹಾಕಿ. ಪ್ರತಿ ಜೋಡಿಯಲ್ಲೂ ನಾರೋದ ಪಾಯಿಂಟನ್ನು ಕಕುಯೋಮುವಿನ ಸ್ಟಾರ್‌ನಿಂದ ಭಾಗಿಸಿ, ಬಂದ ಉತ್ತರಗಳ ಮಧ್ಯಾಂಕ ತೆಗೆಯಿರಿ. ಅದು ನಿಮ್ಮ 50,000 ಮತ್ತು 5,000ದ ನಡುವಿನ ವಿನಿಮಯ ದರ. ಪ್ರೇಮಕಥೆಗಳಿಗೆ ಒಂದು, ಇಸೆಕಾಯ್‌ಗೆ ಇನ್ನೊಂದು ಅಂತ ಬೇರೆ ಬೇರೆ ದರ ತೆಗೆದರೆ ಇನ್ನೂ ಒಳ್ಳೆಯದು.