ಮೊದಲ ಹತ್ತು ಕಿಲೋಮೀಟರಿನ ಮೀಟರ್ ಬಡ್ಡಿ

ಮ್ಯಾರಥಾನ್ ಓಡುವವರಲ್ಲಿ ಒಂದು ಲೆಕ್ಕಾಚಾರ ಚಾಲ್ತಿಯಲ್ಲಿದೆ. ಹೇಗಿದ್ದರೂ ಕೊನೆಗೆ ಸುಸ್ತಾಗುತ್ತೆ, ಕಾಲಲ್ಲಿ ಕಸುವಿರುವಾಗಲೇ ಜೋರಾಗಿ ಓಡಿ ನಾಲ್ಕು ನಿಮಿಷ ಉಳಿಸಿಕೊಂಡುಬಿಡೋಣ ಅನ್ನೋದು. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ದೇಹ ಮಾತ್ರ ಒಪ್ಪುವುದಿಲ್ಲ.

42.195 ಕಿ.ಮೀ.ಯನ್ನು ನಾಲ್ಕು ಗಂಟೆಯಲ್ಲಿ ಮುಗಿಸಲು ಕಿಲೋಮೀಟರಿಗೆ 5:41ರ ಪೇಸ್ ಬೇಕು, ಅಂದರೆ ಒಂದೊಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಮೊದಲ ಹತ್ತನ್ನು 5:20ರಲ್ಲಿ ಓಡಿದಿರಿ ಅಂದುಕೊಳ್ಳಿ, ಉಳಿಯುವುದು ಮೂರೂವರೆ ನಿಮಿಷ. ಅದೇ ಕಾರಣಕ್ಕೆ ಕೊನೆಯ ಹತ್ತರಲ್ಲಿ ಪೇಸ್ 7:00ಕ್ಕೆ ಬಿದ್ದರೆ ಹೋಗುವುದು ಹದಿಮೂರು ನಿಮಿಷ. ಮೀಟರ್ ಬಡ್ಡಿಗೆ ಸಾಲ ತಂದ ಹಾಗೆ. 7:00 ಅಂದ್ರೆ ಇನ್ನೂ ಓಡ್ತಾ ಇದ್ದೀರಿ ಅಂತಲೇ ಅರ್ಥ. ನಡೆಯೋಕೆ ಶುರು ಮಾಡಿದರೆ ಲೆಕ್ಕ ಬೇರೆಯೇ.

ಇದಕ್ಕೆಲ್ಲ ಮೂಲ ಗ್ಲೈಕೋಜನ್. ತಿಂದ ಅನ್ನ, ರಾಗಿ, ಬಾಳೆಹಣ್ಣಿನ ಪಿಷ್ಟ, ಸಕ್ಕರೆ ಸ್ನಾಯು ಮತ್ತು ಲಿವರ್‌ನಲ್ಲಿ ಈ ರೂಪದಲ್ಲಿ ಕೂತಿರುತ್ತದೆ. ಒಟ್ಟು 2000 ಕಿಲೋ ಕ್ಯಾಲೊರಿಯ ಆಸುಪಾಸು. ಓಡಲು ಒಂದು ಕೆಜಿ ತೂಕಕ್ಕೆ, ಒಂದು ಕಿ.ಮೀ.ಗೆ, ಸುಮಾರು 1 ಕಿಲೋ ಕ್ಯಾಲೊರಿ ಬೇಕು. ಅಂದರೆ 60 ಕೆಜಿಯವರಿಗೆ ಇಡೀ ಓಟಕ್ಕೆ 2500. ಕೊರತೆ ತುಂಬಲು ಕೊಬ್ಬು ಇದೆ, ಎಷ್ಟೇ ಸಣಕಲಾದರೂ ಬೇಕಾದಷ್ಟು ಇರುತ್ತದೆ. ಆದರೆ ಅಷ್ಟೇ ಆಮ್ಲಜನಕಕ್ಕೆ ಕೊಬ್ಬಿನಿಂದ ಸಿಗುವ ಶಕ್ತಿ ಕಮ್ಮಿ, ಹಾಗಾಗಿ ವೇಗ ಏರಿದಷ್ಟೂ ದೇಹ ಗ್ಲೈಕೋಜನ್ ಕಡೆಗೇ ಕೈ ಚಾಚುತ್ತದೆ. ಕಿಲೋಮೀಟರಿಗೆ ಇಪ್ಪತ್ತು ಸೆಕೆಂಡ್ ಬೇಗ ಓಡಿದರೆ ಒಟ್ಟು ಖರ್ಚೇನೂ ದೊಡ್ಡದಾಗಿ ಬದಲಾಗಲ್ಲ, ಯಾವ ಇಂಧನ ಎಷ್ಟು ಉರಿಯುತ್ತೆ ಅನ್ನೋದು ಬದಲಾಗುತ್ತದೆ. ಇನ್ನೊಂದು ತಮಾಷೆ, ತೋಳಿನ ಸ್ನಾಯುವಿನಲ್ಲಿ ಉಳಿದ ಗ್ಲೈಕೋಜನ್ ಕಾಲಿಗೆ ಬರುವುದಿಲ್ಲ, ಇದ್ದಲ್ಲೇ ಬಳಕೆಯಾಗಬೇಕು. ಮೂವತ್ತು ಕಿ.ಮೀ. ದಾಟಿದ ಮೇಲೆ ಗ್ಲೈಕೋಜನ್ ಬರಿದಾಗಿ ಕಾಲು ಕಲ್ಲಾಗುತ್ತೆ, ತಲೆ ಮಂಕಾಗುತ್ತೆ. ಓಟಗಾರರು ‘ವಾಲ್ ಹೊಡೀತು’, ಅಂದರೆ ಗೋಡೆಗೆ ಬಡಿದ ಹಾಗಾಯ್ತು, ಅನ್ನೋದು ಇದನ್ನೇ. ಓಡ್ತಾ ಓಡ್ತಾ ನುಂಗುವ ಸಕ್ಕರೆ ಪಾಕದಂಥ ಜೆಲ್ ತಿಂದರೆ ಸರಿಹೋಗಲ್ವಾ? ಗಂಟೆಗೆ 60 ಗ್ರಾಂ ಸಕ್ಕರೆ ತೆಗೆದುಕೊಂಡರೂ ಸಿಗುವುದು 240 ಕಿಲೋ ಕ್ಯಾಲೊರಿ, ಖರ್ಚು 600ರ ಮೇಲೆ.

ತೊಂದರೆ ಏನಂದ್ರೆ ಮೊದಲ ಹತ್ತರಲ್ಲಿ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಹಿಂದಿನ ಎರಡು ಮೂರು ವಾರ ಓಟ ಕಡಿಮೆ ಮಾಡಿ ಟೇಪರ್ ಮಾಡಿರುತ್ತೀರಿ, ಸ್ನಾಯು ತುಂಬಿರುತ್ತದೆ, ಡೋಲು ಬಡೀತಾ ಇರುತ್ತೆ, ಪಕ್ಕದವರೆಲ್ಲ ಓಡ್ತಾ ಇರ್ತಾರೆ, 5:20 ಅನ್ನೋದು ಸುಮ್ನೆ ಜಾಗಿಂಗ್ ಅನ್ನಿಸುತ್ತೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ತಿದೆಯಾ ಅನ್ನೋದೊಂದೇ ನಾನು ನಂಬುವ ಪರೀಕ್ಷೆ.

ದೊಡ್ಡವರ ಓಟದಲ್ಲೂ ಇದು ಕಾಣುತ್ತದೆ. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2022ರ ಬರ್ಲಿನ್‌ನಲ್ಲಿ ಮೊದಲರ್ಧವನ್ನು 59:51ರಲ್ಲಿ ಓಡಿದರು, ಎರಡನೆಯದಕ್ಕೆ 61:18 ಬೇಕಾಯಿತು. ಒಟ್ಟು 2:01:09, ಆಗಿನ ವಿಶ್ವದಾಖಲೆ. ಮರುವರ್ಷ ಶಿಕಾಗೋದಲ್ಲಿ ಅದೇ ದೇಶದ ಕೆಲ್ವಿನ್ ಕಿಪ್ಟಮ್ ಮೊದಲರ್ಧಕ್ಕೆ 60:48 ತಗೊಂಡು, ಎರಡನೆಯದನ್ನು 59:47ರಲ್ಲಿ ಮುಗಿಸಿ 2:00:35ಕ್ಕೆ ಆ ದಾಖಲೆ ಮುರಿದರು. ಅರ್ಧ ದೂರದಲ್ಲಿ ಕಿಪ್‌ಚೋಗೆ ಸಮಯಕ್ಕಿಂತ ಸುಮಾರು ಒಂದು ನಿಮಿಷ ಹಿಂದಿದ್ದವರು! ಹೀಗೆ ಎರಡನೆಯ ಅರ್ಧವನ್ನು ಮೊದಲಿನದಕ್ಕಿಂತ ಬೇಗ ಓಡುವುದಕ್ಕೆ ನೆಗೆಟಿವ್ ಸ್ಪ್ಲಿಟ್ ಅಂತಾರೆ. ನಮ್ಮಂಥವರಿಗೆ ಅದು ಅಪರೂಪ, ಎರಡೂ ಅರ್ಧ ಸಮ ಬಂದರೆ ಅದೇ ದೊಡ್ಡದು.

ಬೆಂಗಳೂರಿನವರು ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೋದಾಗ ಇನ್ನೊಂದು ಪೆಟ್ಟು ತಿನ್ನುತ್ತಾರೆ. ಇಲ್ಲಿನ ತಂಪು ಬೆಳಗಿನಲ್ಲಿ ರೂಢಿಯಾದ ಪೇಸ್ ಅಲ್ಲಿ ನಡೆಯಲ್ಲ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಹರಿಯುತ್ತೆ, ಆರೋದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುವುದರಿಂದ ಅದೇ ವೇಗಕ್ಕೆ ಎದೆಬಡಿತ ಏರುತ್ತಾ ಹೋಗುತ್ತದೆ, ಗ್ಲೈಕೋಜನ್ನೂ ಬೇಗ ಕರಗುತ್ತದೆ. ಅಷ್ಟರಲ್ಲಿ, ಕೊನೆಯ ಭಾಗದಲ್ಲಿ, ಪೆಡ್ಡರ್ ರೋಡಿನ ಏರು. ಅಲ್ಲಿ ಪೇಸ್ ನೋಡಬೇಡಿ. ಉಸಿರು ಅದೇ ಲಯದಲ್ಲಿದ್ದರೆ ಸಾಕು, ಕಿಲೋಮೀಟರಿಗೆ ಅರ್ಧ ನಿಮಿಷ ಹೋದರೆ ಹೋಗಲಿ.

ವಾಚ್ ಬಗ್ಗೆಯೂ ಒಂದು ಮಾತು. ಓಟದ ದಾರಿಯನ್ನು ಅಳೆಯುವುದು ತಿರುವುಗಳ ಒಳಅಂಚಿನ ಅತಿ ಹತ್ತಿರದ ಗೆರೆಯಲ್ಲಿ. ನೀವು ಓಡುವುದು ಜನರ ನಡುವೆ ಆ ಕಡೆ ಈ ಕಡೆ ನುಸುಳಿ, ನೀರಿನ ಮೇಜಿಗೆ ಹೋಗಿ ಬಂದು. ಎತ್ತರದ ಕಟ್ಟಡಗಳ ಪಕ್ಕ ಜಿಪಿಎಸ್ ಕೂಡ ತಪ್ಪುತ್ತದೆ. ಕೊನೆಗೆ ವಾಚ್ 42.6 ತೋರಿಸಿದರೆ, ಅದರಲ್ಲಿ ಸರಾಸರಿ ಪೇಸ್ 5:38 ಕಂಡಿದ್ದರೆ ಮಾತ್ರ ನಾಲ್ಕು ಗಂಟೆ ಸಿಕ್ಕಿರುತ್ತದೆ. ರಸ್ತೆ ಬದಿಯ ಕಿ.ಮೀ. ಫಲಕ ಬಂದಾಗ ವಾಚಿನ ಲ್ಯಾಪ್ ಬಟನ್ ಕೈಯಾರೆ ಒತ್ತಿ ಪ್ರತಿ ಕಿ.ಮೀ.ಯ ಸಮಯ ನೋಡುವವರಿಗೆ ಈ ತಾಪತ್ರಯ ಇಲ್ಲ.