ಕಿರ್ರೆನ್ನದ ಜೋಡಿ ಮಂಚ

ಮದುವೆ ಹಂಗಾಮು ಶುರುವಾದರೆ ಬಡಿಗೇರರ ಅಂಗಡಿಗೆ ಬರುವ ಬೇಡಿಕೆ ಬಹುತೇಕ ಒಂದೇ ನಮೂನೆಯದು: "ಸಾಗವಾನಿ ಮಂಚ ಆಗಬೇಕು, ಕಟ್ಟಿಗೆ ದಪ್ಪ ಇರಲಿ." ದಪ್ಪ ಕಟ್ಟಿಗೆ ಹಾಕಿದರೆ ಮಂಚ ತಾನಾಗಿಯೇ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಹೆಣ್ಣಿನ ಕಡೆಯವರಿಗೂ ಇದೆ, ಕೆಲವು ಕಸಬುದಾರರಿಗೂ ಇದೆ. ದುರಸ್ತಿಗೆ ಬರುವ ಮಂಚಗಳು ಬೇರೆಯದೇ ಹೇಳುತ್ತವೆ. ಪಟ್ಟಿ ಮುರಿದ ಮಂಚ ಅಪರೂಪ. ಕಾಲು ಮತ್ತು ಪಟ್ಟಿ ಕೂಡುವ ಸಂದು ಸಡಿಲಾಗಿರುತ್ತದೆ, ಇಲ್ಲವೇ ನಡುಭಾಗ ಜೋತುಬಿದ್ದಿರುತ್ತದೆ.

ಮೊದಲು ಗಾದಿ ಗೊತ್ತಾಗಬೇಕು, ಆಮೇಲೆ ಮಂಚ. ಜೋಡಿ ಗಾದಿಗಳಲ್ಲಿ 78x72 ಇಂಚಿನದು ಸಾಮಾನ್ಯ. 75x72, 78x60 ಸಹ ಸಿಗುತ್ತವೆ. 78x72ರ ಗಾದಿಗೆ ಮಂಚದ ಒಳ ಅಳತೆ 79x73 ಇಡಿ. ಸುತ್ತಲೂ ಅರ್ಧ ಇಂಚು ಸಂದಿ ಇಲ್ಲದಿದ್ದರೆ ಚಾದರ ಸಿಕ್ಕಿಸಲು ಪ್ರತಿದಿನ ಹೆಣಗಬೇಕು. ಎತ್ತರ ಅಳೆಯಬೇಕಾದದ್ದು ಗಾದಿಯ ಮೇಲ್ಮೈವರೆಗೆ: 18ರಿಂದ 20 ಇಂಚು ಸರಿ, ಮೊಣಕಾಲು ನೋವಿರುವವರಿದ್ದರೆ 21. ಆರು ಇಂಚಿನ ಗಾದಿ ಹಾಕಿ 20 ಇಂಚು ಬೇಕಾದರೆ ಗಾದಿ ಹೊರುವ ಅಡ್ಡಪಟ್ಟಿಗಳ ಮೇಲ್ಭಾಗ ನೆಲದಿಂದ 14 ಇಂಚಿಗೆ ಬರಬೇಕು. ಗಾದಿ ಜಾರದಂತೆ ಪಕ್ಕದ ಪಟ್ಟಿ ಅದಕ್ಕಿಂತ 2 ಇಂಚು ಮೇಲೇಳಬೇಕು. ಅದು 6 ಇಂಚಿನ ಪಟ್ಟಿಯಾದರೆ ಕೆಳಗೆ 10 ಇಂಚು ಉಳಿಯಿತು. ಕಸಬರಿಗೆ ಆರಾಮಾಗಿ ಒಳಗೆ ಹೋಗುತ್ತದೆ. ಮಂಚ ಆದ ಮೇಲೆ ಎಂಟು-ಹತ್ತು ಇಂಚಿನ ಗಾದಿ ತಂದು "ಹತ್ತೋಕೆ ಸ್ಟೂಲ್ ಬೇಕು" ಎನ್ನುವವರು ಕಡಿಮೆಯಿಲ್ಲ.

ಇನ್ನು ಭಾರ. ಇಬ್ಬರು, ಗಾದಿ, ನಡುವೆ ಬಂದು ಮಲಗುವ ಮಗು ಎಲ್ಲ ಸೇರಿ 200 ಕಿಲೋ ಹತ್ತಿರ ಎಂದು ಹಿಡಿಯಿರಿ. ಮಲಗಿದಾಗ ಅದು ಹರಡಿಕೊಳ್ಳುತ್ತದೆ. ಮಂಚಕ್ಕೆ ನಿಜವಾದ ಪೆಟ್ಟು ಬೀಳುವುದು ಅಂಚಿನ ಮೇಲೆ ಧೊಪ್ಪನೆ ಕೂತಾಗ, ಆಗ ಇಡೀ ಭಾರ ಒಂದೇ ಪಟ್ಟಿಯ ನಡುವಿಗೆ ಬರುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಪಟ್ಟಿಯ ದಪ್ಪಕ್ಕಿಂತ ಅದರ ನಿಲುವು, ಅಂದರೆ ಮೇಲಿನಿಂದ ಕೆಳಗಿನ ಅಳತೆ. ದಪ್ಪ ಎರಡು ಪಟ್ಟಾದರೆ ಬಿಗಿ ಎರಡು ಪಟ್ಟು. ನಿಲುವು ಎರಡು ಪಟ್ಟಾದರೆ ಎಂಟು ಪಟ್ಟು. ಒಂದೂವರೆ ಇಂಚು ದಪ್ಪದ ಸಾಗವಾನಿ ಪಟ್ಟಿ 6 ಇಂಚು ನಿಲುವಿದ್ದರೆ 100 ಕಿಲೋಗೆ ಸುಮಾರು ಒಂದೂಕಾಲು ಮಿಲಿಮೀಟರ್ ಬಾಗುತ್ತದೆ, ಅದೇ 4 ಇಂಚಿನದಾದರೆ ನಾಲ್ಕು ಮಿಲಿಮೀಟರಿಗೂ ಮೀರಿ. ಎರಡೂವರೆ ಇಂಚು ದಪ್ಪದ ಪಟ್ಟಿಗೆ ಹಣ ಹಾಕುವುದು ನೋಟಕ್ಕೆ ಮಾತ್ರ.

ಈಗ ಸಂದಿಗೆ ಬರೋಣ, ಮಂಚದ ಆಯುಷ್ಯ ಇರುವುದು ಇಲ್ಲೇ. ಬೆಳಗಾವಿಯ ಶಹಾಪುರ, ವಡಗಾವಿಯ ಹಳೆಯ ಮನೆಗಳ ಇಕ್ಕಟ್ಟು ಮೆಟ್ಟಿಲಲ್ಲಿ ಇಡೀ ಮಂಚ ಮೇಲೆ ಹೋಗುವುದಿಲ್ಲ. ಬಿಚ್ಚಿ ಜೋಡಿಸುವಂತೆಯೇ ಮಾಡಬೇಕು. ತಲೆಯ ಕಡೆಯ ಎರಡು ಕಾಲು ಮತ್ತು ಅವನ್ನು ಕೂಡಿಸುವ ಪಟ್ಟಿ ಕಾಯಂ ಆಗಿ ಅಂಟಿದ ಒಂದು ಚೌಕಟ್ಟು, ಕಾಲಿನ ಕಡೆಯದು ಇನ್ನೊಂದು. ಇವೆರಡನ್ನು ಕೂಡಿಸುವ ಉದ್ದಪಟ್ಟಿಗಳಿಗೆ ಮಾತ್ರ ಬೋಲ್ಟ್.

ಕಾಯಂ ಸಂದಿಗೆ ಪಟ್ಟಿಯ ತುದಿಯನ್ನು 12 ಮಿಮೀ ದಪ್ಪ, 50 ಮಿಮೀ ಉದ್ದದ ನಾಲಿಗೆಯಾಗಿ ಕೆತ್ತಿ, 3x3 ಇಂಚಿನ ಕಾಲಿನ ತೂತಿಗೆ ಅಂಟು ಹಚ್ಚಿ ಕೂಡಿಸಿ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟಿಗೆ ಮುಂಚೆ ಥಿನ್ನರಿನಲ್ಲಿ ಒರೆಸಬೇಕು. ಇದನ್ನು ಬಿಟ್ಟರೆ ಅಂಟು ಮೇಲ್ಮೈಯಲ್ಲೇ ನಿಂತು ಬೇಗ ಬಿಡುತ್ತದೆ. ಉದ್ದಪಟ್ಟಿಯ ಬೋಲ್ಟ್ ಇದೇ ಕಾಲಿನೊಳಗಿಂದ ಹಾಯುತ್ತದೆ ಎಂಬುದನ್ನು ನೆನಪಿಡಿ. ಹಾಗಾಗಿ ನಾಲಿಗೆಯನ್ನು ಮೇಲೊಂದು ಕೆಳಗೊಂದು ಎಂದು ಎರಡಾಗಿ ಕತ್ತರಿಸಿ, ನಡುವೆ ಬೋಲ್ಟಿಗೆ ದಾರಿ ಬಿಡಬೇಕು. ಒಂದೇ ನಾಲಿಗೆ ಮಾಡಿ ಆಮೇಲೆ ಡ್ರಿಲ್ ಹೊಡೆದರೆ ಕಷ್ಟಪಟ್ಟು ಮಾಡಿದ ಸಂದಿಯ ನಡುವನ್ನೇ ಕೊರೆದು ಹಾಕಿದಂತೆ.

ಬೋಲ್ಟಿನ ಸಂದಿಯಲ್ಲಿ ಎಲ್ಲರೂ ಎಡವುವುದು ಬೋಲ್ಟಿನ ಮೇಲೇ ಭಾರ ಬಿಡುವುದರಲ್ಲಿ. ಉದ್ದಪಟ್ಟಿಯ ಇಡೀ ತುದಿ ಕೂರುವಂತೆ ಕಾಲಿನಲ್ಲಿ 12 ಮಿಮೀ ಆಳದ ಗುಂಡಿ ತೆಗೆಯಬೇಕು. ಆಗ ಭಾರ ಕಟ್ಟಿಗೆಯಿಂದ ಕಟ್ಟಿಗೆಗೆ ಇಳಿಯುತ್ತದೆ, ಪಟ್ಟಿ ತಿರುಚಿಕೊಳ್ಳುವುದಿಲ್ಲ, ಬೋಲ್ಟಿಗೆ ಎಳೆದು ಹಿಡಿಯುವ ಕೆಲಸ ಮಾತ್ರ ಉಳಿಯುತ್ತದೆ. 10 ಮಿಮೀ ದಪ್ಪ, 150 ಮಿಮೀ ಉದ್ದದ ಬೋಲ್ಟ್, 11 ಮಿಮೀ ತೂತು, ತಲೆಯಡಿ ಅಗಲ ವಾಷರ್. ನಟ್ಟು ಪಟ್ಟಿಯೊಳಗೆ ಅಡ್ಡಲಾಗಿ ಕೂರುವ ಸಿಲಿಂಡರ್ ನಮೂನೆಯದಿರಲಿ, ಪಟ್ಟಿಯ ತುದಿಯಿಂದ 80 ಮಿಮೀ ಒಳಗೆ. ತುದಿಗೆ ಹತ್ತಿರ ಇಟ್ಟರೆ ಬಿಗಿ ಮಾಡುವಾಗಲೇ ಕಟ್ಟಿಗೆ ಸೀಳುತ್ತದೆ. ತಗಡಿನ ಹುಕ್ಕು ಹಚ್ಚಿ ಕೂಡಿಸುವ ಮಂಚಗಳು ಅಗ್ಗ ನಿಜ. ಆದರೆ ಅವುಗಳ ಬಲವೆಲ್ಲ ನಾಲ್ಕಾರು ಸ್ಕ್ರೂಗಳಲ್ಲಿರುತ್ತದೆ, ಅವೂ ಪಟ್ಟಿಯ ತುದಿಯ ಎಳೆಗುಂಟ ಹೊಡೆದವು. ಆ ದಿಕ್ಕಿನಲ್ಲಿ ಕಟ್ಟಿಗೆ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ನಡುತೊಲೆ ಇಲ್ಲದ ಜೋಡಿ ಮಂಚ ಮಾಡಲೇಬಾರದು. 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ 15 ಅಡ್ಡಪಟ್ಟಿಗಳನ್ನು ನಡುನಡುವೆ ಸುಮಾರು ಎರಡೂವರೆ ಇಂಚು ಜಾಗ ಬಿಟ್ಟು ಹಾಕಿದಿರಿ ಎನ್ನಿ. ಆರಡಿಯನ್ನು ಅವು ತಾವೇ ದಾಟಬೇಕಾದರೆ ಒಟ್ಟು 180 ಕಿಲೋ ಹರಡಿದ ಭಾರಕ್ಕೆ ನಡುವೆ 18 ಮಿಮೀ ಜೋಲುತ್ತವೆ, ಇಬ್ಬರೂ ರಾತ್ರಿಯಿಡೀ ನಡುವಿಗೆ ಉರುಳುತ್ತಿರುತ್ತಾರೆ. ನಟ್ಟನಡುವೆ 4x2 ಇಂಚಿನ ತೊಲೆಯನ್ನು ನಿಲುವಾಗಿ ಕೂರಿಸಿದರೆ ಜೋಲು ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ತೊಲೆಯ ಎರಡೂ ತುದಿ ತಲೆ ಮತ್ತು ಕಾಲಿನ ಪಟ್ಟಿಗಳ ಕಚ್ಚಿನಲ್ಲಿ ಕೂತಿರಲಿ, ಕೆಳಗೆ ಎರಡು ಗಿಡ್ಡ ಕಾಲು. ಆ ಕಾಲುಗಳಿಗೆ ತಿರುಗಿಸಿ ಎತ್ತರ ಹೊಂದಿಸುವ ಬೂಟು ಹಾಕಿ. ಹಳೆಯ ಫರಸಿ ನೆಲ ಎಲ್ಲ ಕಡೆ ಸಮ ಇರುವುದಿಲ್ಲ. ನಡುಗಾಲು ಎರಡು ಮಿಲಿಮೀಟರ್ ಹೆಚ್ಚಾದರೂ ಮೂಲೆಗಾಲು ಎದ್ದು ಮಂಚ ಲಟಪಟ ಎನ್ನುತ್ತದೆ.

ಕಟ್ಟಿಗೆ ಎಷ್ಟು ಬೇಕು? 42 ಇಂಚಿನ ತಲೆಗಾಲು, 18 ಇಂಚಿನ ಮುಂಗಾಲು, ಪಟ್ಟಿ, ತೊಲೆ, ತಲೆಹಲಗೆ ಎಲ್ಲ ಸೇರಿ 5 ಘನ ಅಡಿ ಮೀರುತ್ತದೆ. ಕೊಯ್ತ, ತೋಪಡದಲ್ಲಿ ಹೋಗುವುದು ಹಿಡಿದು 6ರಿಂದ ಆರೂವರೆ ಕೊಳ್ಳಿ. ಕಾಣದ ಅಡ್ಡಪಟ್ಟಿಗಳಿಗೆ ಸಾಗವಾನಿ ಬೇಕಿಲ್ಲ. ಕೊಳ್ಳುವಾಗ ತಿಳಿ ಬಣ್ಣದ ಹೊರಭಾಗ ಎಷ್ಟಿದೆ ನೋಡಿ. ಹುಳ ಹಿಡಿಯುವುದು ಅದಕ್ಕೆ. ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಸುಲಭವಾಗಿ ಹತ್ತುವುದಿಲ್ಲ. "ಸಾಗವಾನಿಗೂ ಹುಳ ಬಿತ್ತು" ಎಂದು ದೂರುವವರ ಮಂಚದಲ್ಲಿ ಬಿಳಿ ಭಾಗವೇ ಹೆಚ್ಚಿರುತ್ತದೆ.

ಹೊಲದ ಬದುವಿನ ಬೇವು ಕಡಿಸಿ ಮಂಚ ಮಾಡಿಸುವ ರೂಢಿ ವಿಜಯಪುರ, ಬಾಗಲಕೋಟೆ ಕಡೆ ಇನ್ನೂ ಇದೆ. ಮಾಡಬಹುದು, ಅವಸರ ಮಾಡಬಾರದು. ಹಲಗೆ ಕೊಯ್ಸಿ, ನಡುನಡುವೆ ಪಟ್ಟಿ ಇಟ್ಟು ನೆರಳಲ್ಲಿ ಒಟ್ಟಿ, ತುದಿಗಳಿಗೆ ಬಣ್ಣ ಬಳಿದು, ಇಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ಆರಲು ಬಿಡಬೇಕು. ಮದುವೆ ಗೊತ್ತಾದ ಮೇಲೆ ಮರ ಕಡಿದರೆ ಆಷಾಢದ ಹೊತ್ತಿಗೆ ಮಂಚ ಸೊಟ್ಟಗಾಗಿರುತ್ತದೆ.

ಒಣಗಿದ ಕಟ್ಟಿಗೆಯೂ ಸುಮ್ಮನಿರುವುದಿಲ್ಲ. ಬೆಳಗಾವಿಯ ಮಳೆಗಾಲದ ತೇವದಲ್ಲಿ ಮಾಡಿದ ಮಂಚ ವಿಜಯಪುರದ ಚೈತ್ರ-ವೈಶಾಖದ ಒಣ ಹವೆಗೆ ಹೋದರೆ ಅದರ ತೇವಾಂಶ 14ರಿಂದ 8 ಪ್ರತಿಶತಕ್ಕೆ ಇಳಿಯಬಹುದು. ಅಷ್ಟಕ್ಕೆ 200 ಮಿಮೀ ಅಗಲದ ಸಾಗವಾನಿ ಹಲಗೆ 2 ಮಿಮೀ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಏನೂ ಆಗದಂತಿರುತ್ತದೆ. ತಲೆಹಲಗೆಯ ಕಥೆ ಇದರಿಂದಲೇ ಕೆಡುವುದು. 21 ಇಂಚು ನಿಲುವಿನ ಹಲಗೆಯನ್ನು ನಾಲ್ಕೂ ಕಡೆ ಅಂಟಿಸಿ ಮೊಳೆ ಹೊಡೆದರೆ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಚೌಕಟ್ಟಿನ ಕಾಲುವೆಯಲ್ಲಿ ಅಂಟಿಲ್ಲದೆ ಸುಮ್ಮನೆ ಕೂರಿಸಿ, ಮೇಲೆ ಕೆಳಗೆ 3-4 ಮಿಮೀ ಬಿಡಿ. ಪಾಲಿಶ್ ಹಿಂಬದಿಗೂ ಕಾಲಿನ ಅಡಿಗೂ ಆಗಬೇಕು. ಮುಖಕ್ಕಷ್ಟೇ ಹಚ್ಚಿದ ಹಲಗೆ ಒಂದು ಕಡೆಯಿಂದ ತೇವ ಕುಡಿದು ಬಾಗುತ್ತದೆ.

ಪ್ಲೈವುಡ್ ಪೆಟ್ಟಿಗೆ ಮಂಚ ಬೇಕೇ ಬೇಕು ಎನ್ನುವವರಿಗೆ ಎರಡೇ ಮಾತು. ಕುದಿನೀರನ್ನೂ ತಾಳುವ ಬಿಡಬ್ಲ್ಯೂಆರ್ ದರ್ಜೆಯ 18 ಮಿಮೀ ಪ್ಲೈವುಡ್ ಹಾಕಿಸಿ, ಪೆಟ್ಟಿಗೆಯನ್ನು ನೆಲದಿಂದ 3 ಇಂಚು ಎತ್ತಿಸಿ. ನೆಲ ಒರೆಸುವ ನೀರು ಕುಡಿದು ಮೊದಲು ಉಬ್ಬುವುದು ಕೆಳ ಅಂಚೇ. ಹಲಗೆಯಲ್ಲಿ ಇಂಚು ಅಗಲದ ಗಾಳಿ ತೂತುಗಳೂ ಇರಲಿ, ಬೆಳಗಾವಿಯ ಶ್ರಾವಣದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಕೌದಿಗೆ ಬೂಷ್ಟು ಹಿಡಿಯುವುದು ಎಷ್ಟು ಹೊತ್ತು?

ಜೋಡಿಸುವಾಗ ಬೋಲ್ಟ್‌ಗಳನ್ನು ಮೊದಲು ಕೈಬಿಗಿಗೆ ನಿಲ್ಲಿಸಿ, ಒಳಗಿನ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. 79x73ಕ್ಕೆ ಎರಡೂ ಕರ್ಣ ಸುಮಾರು ನೂರೇಳೂವರೆ ಇಂಚು ಬರಬೇಕು. ಸಮ ಬಂದ ಮೇಲೆಯೇ ಪೂರ್ತಿ ಬಿಗಿ. ಅಡ್ಡಪಟ್ಟಿಗಳು ಕೂರುವ ಒಳಪಟ್ಟಿ, ನಡುತೊಲೆಗಳ ಮೇಲೆ ಉಣ್ಣೆಯ ಫೆಲ್ಟ್ ಅಥವಾ ಹಳೆ ಕಂಬಳಿಯ ಪಟ್ಟಿ ಅಂಟಿಸಿ, ಅಡ್ಡಪಟ್ಟಿಗೆ ಮೊಳೆಯ ಬದಲು ಸ್ಕ್ರೂ ಹಾಕಿ. ಮೊಳೆ ಸವೆದ ತೂತಿನಲ್ಲಿ ಮೇಲೆ ಕೆಳಗೆ ಆಡುವುದೇ ಅರ್ಧ ಕಿರುಗುಟ್ಟುವಿಕೆಯ ಮೂಲ. ಇನ್ನರ್ಧ ಸಡಿಲಾದ ಬೋಲ್ಟಿನದು. ಮೊದಲ ಬೇಸಿಗೆ ಮುಗಿಯುವಾಗ ಕಟ್ಟಿಗೆ ಕುಗ್ಗಿ ಬೋಲ್ಟ್ ಸಡಿಲಾಗುವುದು ಸಹಜ. ಸ್ಪ್ಯಾನರಿನಲ್ಲಿ ಕಾಲು ಸುತ್ತು ತಿರುಗಿಸಿದರೆ ಸಾಕು. ಆದ್ದರಿಂದ ಬೋಲ್ಟಿನ ತಲೆ ಕಾಣಬಾರದೆಂದು ಮೇಲೆ ಕಟ್ಟಿಗೆಯ ಬಿರಡೆ ಅಂಟಿಸಿ ಪಾಲಿಶ್ ಹೊಡೆಯಲು ಒಪ್ಪಬೇಡಿ. ಎಳೆದರೆ ಬರುವ ಹಿತ್ತಾಳೆ ಮುಚ್ಚಳ ಹಾಕಿಸಿ.