ರಾತ್ರಿ ಹಾಸಿಗೆ ಒದ್ದೆ ಮಾಡುವ ಮಗು: ಯಾವ ಚಿಕಿತ್ಸೆ ಹಿಡಿಯುತ್ತದೆ, ಮೊದಲೇ ಗೊತ್ತಾಗುತ್ತಾ?

"ಮಗನಿಗೆ ಏಳು ವರ್ಷ. ಇನ್ನೂ ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಳ್ಳುತ್ತಾನೆ. ಮಾತ್ರೆ ಕೊಟ್ಟರೆ ಖಂಡಿತ ನಿಲ್ಲುತ್ತಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಖಂಡಿತ ಅಂತ ಯಾರೂ ಹೇಳಲಾರರು. ಆದರೆ ಅಂದಾಜು ಮಾಡಬಹುದು, ಅದಕ್ಕೆ ಒಂದು ನೋಟ್‌ಬುಕ್ಕು, ಒಂದು ಅಳತೆ ಲೋಟ ಇದ್ದರೆ ಸಾಕು. ರಜೆಯ ಎರಡು ದಿನ ಮಗು ಎಷ್ಟು ಕುಡಿಯಿತು, ಪ್ರತಿ ಸಲ ಎಷ್ಟು ಮೂತ್ರ ಬಂತು ಅಂತ ಬರೆದಿಡಿ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನ ಮೂತ್ರಕೋಶ ಹಿಡಿಯಬೇಕಾದ ಅಳತೆ ಸಿಗುತ್ತದೆ. ಏಳು ವರ್ಷಕ್ಕೆ 240 ಮಿಲಿ. ಬೆಳಗಿನ ಮೊದಲನೆಯದನ್ನು ಬಿಟ್ಟು, ಹಗಲಲ್ಲಿ ಒಮ್ಮೆಯಾದರೂ ಅದರ ಹತ್ತಿರ ಬಂದಿದ್ದು, ರಾತ್ರಿ ಮಾತ್ರ ಮೂತ್ರ ಜಾಸ್ತಿ ಆಗುತ್ತಿದ್ದರೆ, ರಾತ್ರಿಯ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆ ಕೆಲಸ ಮಾಡುವ ಸಂಭವ ಹೆಚ್ಚು. ಹಗಲಲ್ಲಿ ಒಂದು ಸಲವೂ ಅದರ ಅರ್ಧ, 120 ಮಿಲಿ, ದಾಟುತ್ತಲೇ ಇಲ್ಲ ಅಂದರೆ, ಒದ್ದೆಯಾದ ಕೂಡಲೇ ಸದ್ದು ಮಾಡುವ ಅಲಾರಂ ಮೇಲು. ಎರಡು ಮೂರು ತಿಂಗಳು ಬಿಡದೆ ಹಾಕಿದರೆ ಸುಮಾರು ಮೂರರಲ್ಲಿ ಎರಡು ಮಕ್ಕಳಿಗೆ ಅದು ಫಲ ಕೊಡುತ್ತದೆ, ಆದರೆ ಮೊದಮೊದಲು ಸದ್ದಿಗೆ ಏಳಬೇಕಾದವರು ನೀವೇ. ಹಗಲಲ್ಲೂ ಚಡ್ಡಿ ಒದ್ದೆಯಾಗುತ್ತಿದ್ದರೆ, ಮಲಬದ್ಧತೆ ಇದ್ದರೆ ಮೊದಲು ಅದಕ್ಕೆ ಮದ್ದು. ಅದು ಸರಿಹೋಗದೆ ಮಾತ್ರೆಯೂ ಅಲಾರಮ್ಮೂ ಸರಿಯಾಗಿ ಹಿಡಿಯಲ್ಲ.

ಇಷ್ಟು ಹೇಳುವಷ್ಟರಲ್ಲಿ ಅಮ್ಮಂದಿರ ಮಾತು ಬಂದೇ ಬರುತ್ತದೆ: "ಡಾಕ್ಟ್ರೇ, ನೀರು ಕುಡಿಸೋದನ್ನೇ ಕಮ್ಮಿ ಮಾಡಿದ್ದೀವಿ, ಆದ್ರೂ ನಿಂತಿಲ್ಲ."

ನಿಲ್ಲಲ್ಲ. ದಯವಿಟ್ಟು ಇದೊಂದನ್ನು ಬಿಡಿ. ಒಬ್ಬ ಹುಡುಗಿಯ ಶಾಲೆ ಚೀಲದಿಂದ ನೀರಿನ ಬಾಟಲಿ ತೆಗೆಸಿದೆ. ಸಂಜೆ ನಾಲ್ಕೂವರೆ. ಬೆಳಗ್ಗೆ ತುಂಬಿಸಿದ ನೀರು ಕತ್ತಿನವರೆಗೆ ಹಾಗೇ ಇತ್ತು. ಶಾಲೆಯ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ಹೋಗಲು ನಾಚಿಕೆ, ಅದಕ್ಕೇ ಕುಡಿಯುವುದೂ ಇಲ್ಲ. ದಿನವಿಡೀ ತಡೆದು ಕೂತು, ಮನೆಗೆ ಬಂದ ಮೇಲೆ ಬಾಯಾರಿ ಗಟಗಟ ಕುಡಿಯುತ್ತಾಳೆ, ಅದು ಇಳಿಯುವುದು ರಾತ್ರಿ. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದ ಮಲ ಪಕ್ಕದಲ್ಲೇ ಇರುವ ಮೂತ್ರಕೋಶವನ್ನು ಒತ್ತುತ್ತದೆ, ಅದು ಇನ್ನಷ್ಟು ಬೇಗ ತುಂಬುತ್ತದೆ. ನೀರು ಬೇಕು, ಆದರೆ ಹಗಲಲ್ಲಿ. ಮಲಗುವ ಮುಂಚಿನ ಒಂದೆರಡು ಗಂಟೆ ಮಾತ್ರ ಕಡಿಮೆ ಇರಲಿ. ಡೆಸ್ಮೋಪ್ರೆಸಿನ್ ತೆಗೆದುಕೊಳ್ಳುವ ಮಗುವಿಗೆ ಮಾತ್ರ ಲೆಕ್ಕ ಬೇರೆ: ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ಗುಟುಕಿಗಿಂತ ಹೆಚ್ಚು ಬೇಡ. ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು.

ಇನ್ನೊಂದು ವಿಷಯ, ಇದನ್ನು ನೀವು ಕೇಳುವುದಿಲ್ಲ, ನಾನೇ ಕೇಳುತ್ತೇನೆ: ಅಪ್ಪ ಅಮ್ಮ ಚಿಕ್ಕವರಿದ್ದಾಗ ಹೀಗೆ ಮಾಡಿಕೊಳ್ಳುತ್ತಿದ್ದರಾ? ಒಬ್ಬರಿಗಿದ್ದರೂ ಮಗುವಿಗೆ ಬರುವ ಸಂಭವ ಹೆಚ್ಚು. ಒಂದು ಸಲ ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಇವನಪ್ಪ ನಾಲ್ಕನೇ ಕ್ಲಾಸಿನವರೆಗೂ ದಿನಾ ಕೌದಿ ಒಗೆಸುತ್ತಿದ್ದ" ಅಂದರು. ಅಪ್ಪ ತಲೆ ತಗ್ಗಿಸಿದರು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗ ಮೊದಲ ಸಲ ತಲೆ ಎತ್ತಿ, "ನಿಜವಾ ಅಪ್ಪಾ?" ಅಂದ.